ಜಗಳೂರು ಸೀಮೆಯಲ್ಲಿ ಸಾವೆ ಮಿಲ್ಲು: ಪಿಎಂಎಫ್‌ಎಂಇ ಸಹಾಯಧನದ ನನ್ನ ಅನುಭವ

ಸರ್ಕಾರದ ಸಹಾಯಧನ ಅಂದ ಕೂಡಲೇ ನಮ್ಮ ಕಡೆ ಎಲ್ಲರೂ ಕೇಳುವುದು "ಎಷ್ಟು ಬರುತ್ತೆ?" ಅಂತ. ಅದು ಯಾವಾಗ ಬರುತ್ತೆ, ಯಾವ ಖಾತೆಯಲ್ಲಿ ಕೂರುತ್ತೆ, ಅಲ್ಲಿಯವರೆಗೆ ಸಾಲದ ಕಂತು ಯಾವ ದುಡ್ಡಿನಲ್ಲಿ ಕಟ್ಟೋದು ಅಂತ ಕೇಳುವವರು ಕಡಿಮೆ. ಸಾವೆ, ನವಣೆಯ ಸಿಪ್ಪೆ ತೆಗೆಯುವ ಒಂದು ಸಣ್ಣ ಘಟಕವನ್ನು, ಕಿರು ಆಹಾರ ಘಟಕಗಳಿಗೆ ಸಹಾಯಧನ ಕೊಡುವ ಕೇಂದ್ರದ ಪಿಎಂಎಫ್‌ಎಂಇ ಯೋಜನೆಯಡಿ ಹಾಕಿ ನಡೆಸುತ್ತಿದ್ದೇನೆ. ಸುತ್ತಲ ಹಳ್ಳಿಗಳ ಹೆಣ್ಣುಮಕ್ಕಳು, ಓದು ಮುಗಿಸಿ ಊರಿಗೆ ಮರಳಿದ ಹುಡುಗರು ಬಂದು ವಿಚಾರಿಸುತ್ತಾರೆ. ಅವರಿಗೆ ಹೇಳುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಜಗಳೂರು ಮಳೆ ನಂಬಿದ ತಾಲ್ಲೂಕು. ದಾವಣಗೆರೆ ಜಿಲ್ಲೆಯ ಹೊಲಗಳನ್ನು ಮೆಕ್ಕೆಜೋಳ ಆವರಿಸಿ ಎಷ್ಟೋ ವರ್ಷವಾಯಿತು. ಸಾವೆ, ನವಣೆ ಉಳಿದದ್ದು ತೆಳು ಮಣ್ಣಿನ ಹೊಲಗಳಲ್ಲಿ, ಅದೂ ಹಿರಿಯರ ಹಟದಿಂದ. ರಾಗಿಯಾದರೆ ಬೀಸಿದರೆ ಹಿಟ್ಟಾಗುತ್ತದೆ. ಸಾವೆ ಹಾಗಲ್ಲ, ಅದರ ಸಿಪ್ಪೆ ಗಟ್ಟಿ. ಒರಳಿಗೆ ಹಾಕಿ ಒನಕೆಯಲ್ಲಿ ಕುಟ್ಟಿ, ಕೇರಿ, ಮತ್ತೆ ಕುಟ್ಟಬೇಕು. ಆ ಕೆಲಸ ಹೆಂಗಸರದ್ದಾಗಿತ್ತು. ಕುಟ್ಟುವವರು ಕಡಿಮೆಯಾದ ಹಾಗೆ ಬೆಳೆಯೂ ಕಡಿಮೆಯಾಯಿತು. ಬೆಳೆದ ಕೆಲವರು ಕಣದಲ್ಲೇ ವ್ಯಾಪಾರಿಗೆ ತೂಕ ಹಾಕಿಕೊಟ್ಟು, ಅದೇ ಸಾವೆ ಅಕ್ಕಿಯಾಗಿ ಪೇಟೆಯಲ್ಲಿ ಪ್ಯಾಕೆಟ್ಟು ಸೇರಿದಾಗ ಅದರ ಬೆಲೆ ನೋಡಿ ಸುಮ್ಮನಾಗುತ್ತಿದ್ದರು. ಹತ್ತಿರದಲ್ಲಿ ಸಿಪ್ಪೆ ತೆಗೆಯುವ ಒಂದು ಹಲ್ಲಿಂಗ್ ಮಷಿನ್ ಇದ್ದರೆ ಈ ಬೆಲೆಯ ಒಂದು ಪಾಲಾದರೂ ಊರಲ್ಲಿ ಉಳಿಯುತ್ತದೆ ಅನ್ನುವುದು ನನ್ನ ಲೆಕ್ಕವಾಗಿತ್ತು.

ಪಿಎಂಎಫ್‌ಎಂಇ ಅಂದರೆ ಪ್ರಧಾನಮಂತ್ರಿ ಕಿರು ಆಹಾರ ಸಂಸ್ಕರಣಾ ಉದ್ದಿಮೆಗಳ ನಿಯಮಬದ್ಧಗೊಳಿಸುವಿಕೆ ಯೋಜನೆ. 2020ರ ಜೂನ್ ಕೊನೆಯಲ್ಲಿ ಆತ್ಮನಿರ್ಭರ ಭಾರತದ ಭಾಗವಾಗಿ ಕೇಂದ್ರ ಇದನ್ನು ಶುರು ಮಾಡಿತು, ಒಟ್ಟು 10,000 ಕೋಟಿ ರೂಪಾಯಿಯ ಯೋಜನೆ. ಮೊದಲು 2024-25ಕ್ಕೆ ಮುಗಿಯಬೇಕಿತ್ತು, ಆಮೇಲೆ ಒಂದು ವರ್ಷ ಮುಂದಕ್ಕೆ ಹಾಕಿದರು. ಆದ್ದರಿಂದ ಅರ್ಜಿಗೆ ಓಡಾಡುವ ಮೊದಲು ಜಿಲ್ಲೆಯ ಕೃಷಿ ಇಲಾಖೆಯಲ್ಲಿ ಈಗ ಅರ್ಜಿ ತೆಗೆದುಕೊಳ್ಳುತ್ತಿದ್ದಾರೆಯೇ ಎಂದು ಕೇಳಿಕೊಳ್ಳಿ. ಕರ್ನಾಟಕದಲ್ಲಿ ಇದನ್ನು ನೋಡಿಕೊಳ್ಳುವ ನೋಡಲ್ ಸಂಸ್ಥೆ ಕೆಪೆಕ್, ಅಂದರೆ ರಾಜ್ಯದ ಕೃಷಿ ಉತ್ಪನ್ನ ಸಂಸ್ಕರಣೆ ಮತ್ತು ರಫ್ತು ನಿಗಮ. ಜಿಲ್ಲೆಗೊಂದು ಉತ್ಪನ್ನ ಎಂಬ ಪಟ್ಟಿಯೂ ಇದೆ: ಚಾಮರಾಜನಗರಕ್ಕೆ ಅರಿಶಿನ, ಶಿವಮೊಗ್ಗಕ್ಕೆ ಅನಾನಸ್, ಮಂಡ್ಯಕ್ಕೆ ಬೆಲ್ಲ, ಕೋಲಾರಕ್ಕೆ ಟೊಮ್ಯಾಟೊ, ನಮ್ಮ ದಾವಣಗೆರೆಗೆ ಸಿರಿಧಾನ್ಯ. ಶುರುವಿನಲ್ಲಿ ಹೊಸ ಘಟಕವಾದರೆ ಪಟ್ಟಿಯ ಉತ್ಪನ್ನವೇ ಆಗಬೇಕಿತ್ತು, ನಂತರ ಅದನ್ನು ಸಡಿಲಿಸಿದರು. ಒಂದು ಕುಟುಂಬದಲ್ಲಿ ಒಬ್ಬರಿಗೆ ಮಾತ್ರ ಸಿಗುತ್ತದೆ. ಗಂಡ, ಹೆಂಡತಿ, ಮಕ್ಕಳು ಸೇರಿ ಒಂದು ಕುಟುಂಬ.

ಈಗ ದುಡ್ಡಿನ ವಿಷಯಕ್ಕೆ ಬರುತ್ತೇನೆ, ಇಲ್ಲಿ ನಿಧಾನವಾಗಿ ಓದಿ. ಕೇಂದ್ರದ ನಿಯಮದಂತೆ ಘಟಕದ ಅರ್ಹ ವೆಚ್ಚದ 35%, ಹೆಚ್ಚೆಂದರೆ 10 ಲಕ್ಷ ರೂಪಾಯಿ. ನಮ್ಮ ರಾಜ್ಯ ಸರ್ಕಾರ ಅದರ ಮೇಲೆ 15% ಸೇರಿಸುತ್ತದೆ. ಒಟ್ಟು 50%, ಮಿತಿ 15 ಲಕ್ಷ. ಲೆಕ್ಕಕ್ಕೆ ಸುಲಭವಾಗಲಿ ಎಂದು 10 ಲಕ್ಷದ ಘಟಕ ಅಂದುಕೊಳ್ಳೋಣ. ಕನಿಷ್ಠ 10%, ಅಂದರೆ 1 ಲಕ್ಷ ನಿಮ್ಮ ಕೈಯಿಂದ. ಉಳಿದ 9 ಲಕ್ಷ ಬ್ಯಾಂಕ್ ಸಾಲ. ಸಹಾಯಧನದ 5 ಲಕ್ಷ ನಿಮ್ಮ ಉಳಿತಾಯ ಖಾತೆಗೆ ಬರುವುದೇ ಇಲ್ಲ. ಬ್ಯಾಂಕಿನಲ್ಲೇ ಒಂದು ಮೀಸಲು ಖಾತೆಯಲ್ಲಿ ಕೂರುತ್ತದೆ. ಸಾಲದ ಕೊನೆಯ ಕಂತು ಬಿಡುಗಡೆಯಾಗಿ ಮೂರು ವರ್ಷ ಕಳೆದ ಮೇಲೆ, ಘಟಕ ನಡೆಯುತ್ತಿದ್ದು ಸಾಲ ಸುಸ್ತಿಯಾಗಿಲ್ಲ ಅಂದರೆ, ಅದನ್ನು ಸಾಲಕ್ಕೆ ಜಮಾ ಮಾಡುತ್ತಾರೆ. ಅಷ್ಟು ಮೊತ್ತದ ಸಾಲಕ್ಕೆ ಬಡ್ಡಿ ಹಾಕುವುದಿಲ್ಲ, ಅದೊಂದು ದೊಡ್ಡ ಅನುಕೂಲ. ಆದರೆ ಈ ದುಡ್ಡಿನಲ್ಲಿ ಸಾವೆ ಕೊಳ್ಳಲಿಕ್ಕಾಗದು, ಕೂಲಿ ಕೊಡಲಿಕ್ಕಾಗದು. ಸಬ್ಸಿಡಿ ಬಂದ ಮೇಲೆ ತೀರಿಸುತ್ತೇನೆ ಅಂತ ಕೈಸಾಲ ಮಾಡಿ ತಮ್ಮ ಪಾಲಿನ ದುಡ್ಡು ಹೊಂದಿಸಲು ಹೊರಟವರನ್ನು ನಾನು ಕೈ ಹಿಡಿದು ತಡೆಯುತ್ತೇನೆ.

ಜಮೀನಿನ ಬೆಲೆ ಅರ್ಹ ವೆಚ್ಚದಲ್ಲಿ ಸೇರುವುದಿಲ್ಲ. ಇದನ್ನು ತಿಳಿದಿದ್ದರಿಂದ ನಾನು ಹೊಲದಲ್ಲಿ ಕಟ್ಟಡ ಎಬ್ಬಿಸುವ ಯೋಚನೆಗೇ ಹೋಗಲಿಲ್ಲ. ಹೊಲದಲ್ಲಿ ಕಟ್ಟಬೇಕಾದರೆ ಆಗ ಭೂಪರಿವರ್ತನೆ ಆಗಬೇಕಿತ್ತು. ಊರೊಳಗೆ ನಮ್ಮದೇ ಹಳೆಯ ದನದ ಕೊಟ್ಟಿಗೆಯ ಜಾಗಕ್ಕೆ ಪಂಚಾಯಿತಿಯ ಆನ್‌ಲೈನ್ ಆಸ್ತಿ ದಾಖಲೆಯಾದ ಇ-ಸ್ವತ್ತು ಮಾಡಿಸಿ, ನಮೂನೆ 9 ಮತ್ತು 11 ತೆಗೆಸಿಕೊಂಡೆ. ಊರೊಳಗೆ ಇದ್ದದ್ದರಿಂದ ಇನ್ನೊಂದು ಲಾಭವಾಯಿತು. ಪಂಪ್‌ಸೆಟ್ ಲೈನಿನಲ್ಲಿ ತ್ರೀ ಫೇಸ್ ಬರುವುದು ದಿನಕ್ಕೆ ಕೆಲವೇ ಗಂಟೆ. ಊರಿಗೆ ದಿನವಿಡೀ ಕರೆಂಟ್ ಕೊಡುವ ನಿರಂತರ ಜ್ಯೋತಿ ಲೈನಿನಿಂದ ಬೆಸ್ಕಾಂ ಸಂಪರ್ಕ ಸಿಕ್ಕಿತು, ಹಗಲೆಲ್ಲ ಮಷಿನ್ ಓಡುತ್ತದೆ. ಮಷಿನ್ನಿಗೆ ಮುಂಗಡ ಕೊಡುವ ಮೊದಲು ಕರೆಂಟಿನ ವಿಚಾರ ಮುಗಿಸಿಕೊಳ್ಳಿ ಅಂತ ಎಲ್ಲರಿಗೂ ಹೇಳುತ್ತೇನೆ.

ಅರ್ಜಿ ಆನ್‌ಲೈನ್. ಜಿಲ್ಲಾ ಸಂಪನ್ಮೂಲ ವ್ಯಕ್ತಿ, ಎಲ್ಲರೂ ಡಿಆರ್‌ಪಿ ಅನ್ನುತ್ತಾರೆ, ಅವರು ಯೋಜನಾ ವರದಿ ಮಾಡಿ ಅರ್ಜಿ ಹಾಕಿಸಿ ಬ್ಯಾಂಕಿನವರೆಗೂ ಜೊತೆಗಿರುತ್ತಾರೆ. ಅವರಿಗೆ ಯೋಜನೆಯಿಂದಲೇ ಸಂಭಾವನೆ ಇದೆ, ನೀವು ಒಂದು ಪೈಸೆಯನ್ನೂ ಕೊಡಬೇಕಿಲ್ಲ. ಮಧ್ಯೆ ಯಾರಾದರೂ "ಫೈಲು ಮುಂದೆ ಹೋಗಲಿಕ್ಕೆ ಇಷ್ಟು" ಅಂದರೆ ನೇರ ಕೃಷಿ ಇಲಾಖೆಯ ಜಂಟಿ ನಿರ್ದೇಶಕರ ಕಚೇರಿಗೆ ಹೋಗಿ ಕೇಳಿ. ಆಧಾರ್, ಪ್ಯಾನ್, ಬ್ಯಾಂಕ್ ಸ್ಟೇಟ್‌ಮೆಂಟ್, ಜಾಗದ ಕಾಗದ, ಕರೆಂಟ್ ಬಿಲ್, ಮಷಿನ್ನಿನ ಜಿಎಸ್‌ಟಿ ಕೊಟೇಶನ್, ಸಣ್ಣ ಉದ್ದಿಮೆಗಳಿಗೆ ಕೇಂದ್ರ ಕೊಡುವ ಉದ್ಯಮ್ ನೋಂದಣಿ, ಇವಿಷ್ಟು ಬೇಕಾದವು. ಉದ್ಯಮ್ ನೋಂದಣಿ ಪೂರಾ ಉಚಿತ.

ನಿಜವಾದ ಪರೀಕ್ಷೆ ನಡೆಯುವುದು ಬ್ಯಾಂಕಿನಲ್ಲಿ. ಜಿಲ್ಲಾ ಸಮಿತಿ ಶಿಫಾರಸು ಮಾಡಿದರೂ ಸಾಲ ಕೊಡುವುದು, ಬಿಡುವುದು ಬ್ಯಾಂಕಿನ ತೀರ್ಮಾನ. ನಾನು ಹೋದಾಗ ವ್ಯವಸ್ಥಾಪಕರು ಮಷಿನ್ನಿನ ಬಗ್ಗೆ ಹೆಚ್ಚೇನೂ ಕೇಳಲಿಲ್ಲ. "ಅಲ್ಲಮ್ಮಾ, ಇದನ್ನ ಕೊಳ್ಳೋರು ಯಾರು?" ಅಂದರು. ಆ ಪ್ರಶ್ನೆಗೆ ನನ್ನ ಹತ್ತಿರ ಉತ್ತರವಿತ್ತು. ಅರ್ಜಿ ಹಾಕುವ ಮುಂಚಿನಿಂದಲೇ ನಾನು ದೂರದ ಮಿಲ್ಲಿನಲ್ಲಿ ಸಾವೆ ಹಲ್ಲಿಂಗ್ ಮಾಡಿಸಿ ತಂದು ವಾರದ ಸಂತೆಯಲ್ಲಿ ಮಾರುತ್ತಿದ್ದೆ. ಎಷ್ಟು ಕೆಜಿ ಹೋಯಿತು, ಯಾವ ತಿಂಗಳು ಹೆಚ್ಚು, ಯಾರು ಮತ್ತೆ ಬಂದು ಕೊಂಡರು ಎಲ್ಲ ಒಂದು ನೋಟ್‌ಬುಕ್ಕಿನಲ್ಲಿತ್ತು. ಅದನ್ನು ಮುಂದಿಟ್ಟೆ, ಅವರು ಹಾಳೆ ಹಾಳೆ ತಿರುವಿ ನೋಡಿದರು. ಯೋಜನಾ ವರದಿಯ ಅಚ್ಚುಕಟ್ಟಾದ ಅಂಕಿಗಿಂತ ಆ ಕೈಬರಹವೇ ಅವರಿಗೆ ನಂಬಿಕೆ ತಂದಿತು ಅನ್ನಿಸುತ್ತದೆ. ಸಾಲ ಕೇಳುವ ಮುಂಚೆ ಒಂದು ಹಂಗಾಮಾದರೂ ಮಾರಿ ನೋಡಿ, ಬರೆದಿಡಿ. ಫೋನ್‌ಪೇಯಲ್ಲಿ ಬಂದ ದುಡ್ಡು ಬ್ಯಾಂಕ್ ಖಾತೆಯಲ್ಲಿ ಕಾಣುತ್ತದೆ, ಅದೂ ಸಾಕ್ಷಿಯೇ. ನಿಮ್ಮ ಹಳೆಯ ಸಾಲಗಳ ದಾಖಲೆ ತೋರಿಸುವ ಸಿಬಿಲ್ ವರದಿ ಕೂಡ ಮೊದಲೇ ನೋಡಿಕೊಳ್ಳಿ. ಯಾರಿಗೋ ಜಾಮೀನು ಹಾಕಿದ ಹಳೆಯ ಸಾಲ ಅಲ್ಲಿ ಎದ್ದು ಕೂತಿರಬಹುದು. ಇನ್ನು ಅಡಮಾನ. ಸಣ್ಣ ಉದ್ಯಮಕ್ಕೆ ಕನಿಷ್ಠ 10 ಲಕ್ಷದವರೆಗಿನ ಸಾಲಕ್ಕಾದರೂ ಅಡಮಾನ ಕೇಳಬಾರದು ಎಂದು ರಿಸರ್ವ್ ಬ್ಯಾಂಕಿನ ಸೂಚನೆಯೇ ಇದೆ. ಹೊಲದ ಪಹಣಿ ಕೇಳಿದರೆ ಇದನ್ನು ವಿನಯದಿಂದ ನೆನಪಿಸಿ. ಕಂತು ಪೂರ್ತಿ ಸಾಲದ ಮೇಲೆ ಹಾಕುತ್ತಾರೋ, ಸಹಾಯಧನ ಬಿಟ್ಟು ಹಾಕುತ್ತಾರೋ ಎಂಬುದನ್ನೂ ಮಂಜೂರಾತಿ ಪತ್ರಕ್ಕೆ ಸಹಿ ಹಾಕುವ ಮೊದಲು ಕೇಳಿ ತಿಳಿದುಕೊಳ್ಳಿ.

ಮಷಿನ್ ಆರಿಸುವುದಕ್ಕೆ ನಾನು ಹೆಚ್ಚು ಸಮಯ ಕೊಟ್ಟೆ. ಸಿರಿಧಾನ್ಯದ ಯಂತ್ರ ಮಾಡುವವರು ಕೊಯಮತ್ತೂರಿನ ಕಡೆ ಹೆಚ್ಚು. ಅಂಗಡಿಯವರು ತೋರಿಸುವ ಕಾಳಲ್ಲ, ನಮ್ಮ ಹೊಲದ ಸಾವೆಯನ್ನೇ ಚೀಲದಲ್ಲಿ ಒಯ್ದು ಕಣ್ಣೆದುರೇ ಓಡಿಸಿ ನೋಡಿದೆ. ನಮ್ಮದು ಕಣದ ಮಣ್ಣು, ಹರಳು, ಕಳೆಬೀಜ ಸೇರಿದ ಕಾಳು. ಹಾಗಾಗಿ ಹಲ್ಲರ್‌ಗಿಂತ ಮೊದಲು ಬೇಕಾದದ್ದು ಕಾಳು ವಿಂಗಡಿಸುವ ಗ್ರೇಡರ್ ಮತ್ತು ಕಲ್ಲು ತೆಗೆಯುವ ಡಿಸ್ಟೋನರ್. ಒಂದು ಹರಳು ಹಲ್ಲಿಗೆ ಸಿಕ್ಕಿದ ಗಿರಾಕಿ ಮತ್ತೆ ಬರುವುದಿಲ್ಲ. ಆಮೇಲೆ ಹಲ್ಲರ್, ಅದರ ಹಿಂದೆ ಹೊಟ್ಟು ಹಾರಿಸುವ ಆಸ್ಪಿರೇಟರ್, ಕೊನೆಗೆ ಸಿಪ್ಪೆ ಉಳಿದ ಕಾಳು ಬೇರೆ ಮಾಡುವ ಜರಡಿ. ಪಟ್ಟಿಯಲ್ಲಿ ಬರೆದ ಗಂಟೆಯ ಸಾಮರ್ಥ್ಯವನ್ನು ನಂಬಿ ಆದಾಯದ ಲೆಕ್ಕ ಹಾಕಬೇಡಿ. ಸಾವೆಯಂಥ ಸಣ್ಣ ಕಾಳಿಗೆ ಒಂದೇ ಸಲಕ್ಕೆ ಸಿಪ್ಪೆ ಪೂರ್ತಿ ಬಿಡುವುದಿಲ್ಲ, ಮತ್ತೆ ಹಾಯಿಸಬೇಕು. ತೇವ 10ರಿಂದ 12% ಒಳಗಿದ್ದರೆ ಸಿಪ್ಪೆ ಚೆನ್ನಾಗಿ ಬಿಡುತ್ತದೆ. ಹಸಿ ಇದ್ದರೆ ಅಂಟುತ್ತದೆ, ಅತಿಯಾಗಿ ಒಣಗಿದರೆ ನುಚ್ಚಾಗುತ್ತದೆ. ನಮ್ಮಲ್ಲಿ ಕ್ವಿಂಟಲ್ ಸಾವೆಗೆ 60ರಿಂದ 65 ಕೆಜಿ ಅಕ್ಕಿ ಬೀಳುತ್ತದೆ. ಪಾಲಿಶ್ ಮಾಡುವುದಿಲ್ಲ. ತೌಡು ಉಳಿದ ಅಕ್ಕಿಯಲ್ಲಿ ಎಣ್ಣೆಯಂಶ ಇರುವುದರಿಂದ ಬೇಗ ಮುಗ್ಗುತ್ತದೆ. ಅದಕ್ಕೆ ಕಾಳನ್ನು ಸಿಪ್ಪೆ ಸಮೇತ ದಾಸ್ತಾನಿಟ್ಟು, ಬೇಕಾದಷ್ಟೇ ಆಗಾಗ ಹಲ್ಲಿಂಗ್ ಮಾಡುತ್ತೇವೆ. ಇದನ್ನೆಲ್ಲ ಕಲಿಯಲು ದಾವಣಗೆರೆಯ ತರಳಬಾಳು ಕೃಷಿ ವಿಜ್ಞಾನ ಕೇಂದ್ರ ಇದೆ, ಮೈಸೂರಿನಲ್ಲಿ ಆಹಾರ ತಂತ್ರಜ್ಞಾನದ ಕೇಂದ್ರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಇದೆ. ಮಷಿನ್ ಕೊಳ್ಳುವ ಮೊದಲೇ ಹೋಗಿ ಕೇಳಿ.

ಲೈಸೆನ್ಸಿನ ವಿಷಯ ಜನ ಹೆದರುವಷ್ಟು ಕಷ್ಟವಲ್ಲ. ವಹಿವಾಟು ವರ್ಷಕ್ಕೆ 12 ಲಕ್ಷದೊಳಗಿದ್ದ ನನಗೆ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐನ ಮೂಲ ನೋಂದಣಿ ಸಾಕಾಯಿತು, ಆಗ ಶುಲ್ಕ ವರ್ಷಕ್ಕೆ 100 ರೂಪಾಯಿ ಇತ್ತು. ಪ್ಯಾಕೆಟ್ಟಿನ ಮೇಲೆ ನಿವ್ವಳ ತೂಕ, ಗರಿಷ್ಠ ಬೆಲೆ, ತಯಾರಿಸಿದ ದಿನ, ಎಷ್ಟು ದಿನ ಬಾಳುತ್ತದೆ, ನೋಂದಣಿ ಸಂಖ್ಯೆ, ಹಸಿರು ಚುಕ್ಕೆ ಇರಬೇಕು.

ಕಂತು ಕಟ್ಟಿದ್ದು ಹೇಗೆ ಅನ್ನುವುದೇ ಮುಖ್ಯ ಮಾತು. ಮಷಿನ್ ಬಂದ ಮೊದಲ ಹಂಗಾಮಿನಲ್ಲಿ ನಾನು ಕಾಳು ಕೊಂಡದ್ದು ಬಹಳ ಕಡಿಮೆ. ಕೂಲಿಗೆ ಹಲ್ಲಿಂಗ್ ಮಾಡಿಕೊಟ್ಟೆ. ರೈತರು ತಮ್ಮ ಚೀಲ ತಂದು, ಕ್ವಿಂಟಲಿಗಿಷ್ಟು ಅಂತ ಕೂಲಿ ಕೊಟ್ಟು, ಅಕ್ಕಿ, ತೌಡು, ಹೊಟ್ಟು ಮೂರನ್ನೂ ಒಯ್ಯುತ್ತಿದ್ದರು. ನನ್ನ ಬಂಡವಾಳ ಅದರಲ್ಲಿ ಸಿಕ್ಕಿಕೊಳ್ಳುತ್ತಿರಲಿಲ್ಲ, ಕಂತಿನ ದುಡ್ಡು ಹುಟ್ಟುತ್ತಿತ್ತು. ಕೂಲಿ ಕೊಡಲು ಕೈಯಲ್ಲಿ ಕಾಸಿಲ್ಲದವರು ಒಂದು ಪಾಲು ಅಕ್ಕಿ ಬಿಟ್ಟುಹೋಗುತ್ತಿದ್ದರು, ಅದೇ ನನ್ನ ಸಂತೆಯ ಮಾಲು. ನಮ್ಮ ಪಕ್ಕದ ಹಟ್ಟಿಯ ಒಬ್ಬ ಅಜ್ಜಿ ಸೆರಗಿನಲ್ಲಿ ಅಕ್ಕಿ ಹಿಡಿದು, "ಯವ್ವಾ, ಇದನ್ನ ಕುಟ್ಟೀ ಕುಟ್ಟೀ ನನ್ನ ರಟ್ಟೆ ಹೋದ್ವು" ಅಂದಿದ್ದು ನನ್ನ ಮನಸ್ಸಿನಲ್ಲಿ ಹಾಗೇ ಕೂತಿದೆ.

ಕಾಳು ಕೊಳ್ಳುವ ದುಡ್ಡು ಬಂದದ್ದು ಸಂಘದಿಂದ. ಇದೇ ಯೋಜನೆಯಲ್ಲಿ ಆಹಾರ ಸಂಸ್ಕರಣೆ ಮಾಡುವ ಸ್ವಸಹಾಯ ಸಂಘದ ಸದಸ್ಯೆಯರಿಗೆ ತಲಾ 40,000 ರೂಪಾಯಿವರೆಗೆ ಬೀಜ ಬಂಡವಾಳ, ಅಂದರೆ ಕೆಲಸ ಶುರು ಮಾಡುವ ದುಡ್ಡು ಇದೆ, ಸಂಘವೊಂದಕ್ಕೆ ಹೆಚ್ಚೆಂದರೆ 4 ಲಕ್ಷ. ಮಹಿಳಾ ಸಂಘಗಳ ಸಂಜೀವಿನಿ ಒಕ್ಕೂಟದ ಮೂಲಕ ಬರುತ್ತದೆ. ಸದಸ್ಯೆಯರ ಪಾಲಿಗೆ ಅದು ಸಾಲ, ತೀರಿಸಬೇಕು. ತೀರಿಸಿದ್ದು ಒಕ್ಕೂಟದಲ್ಲೇ ಉಳಿದು ಇನ್ನೊಬ್ಬರಿಗೆ ಹೋಗುತ್ತದೆ. ನಮ್ಮ ಸಂಘದ ಅಕ್ಕಂದಿರು ಈ ದುಡ್ಡಿನಲ್ಲಿ ಸುಗ್ಗಿಯಲ್ಲೇ ಸಾವೆ ಕೊಂಡಿಟ್ಟುಕೊಂಡು, ನನ್ನಲ್ಲಿ ಅಕ್ಕಿ ಮಾಡಿಸಿ, ನವಣೆ ಉಂಡೆ, ಸಾವೆ ದೋಸೆ ಹಿಟ್ಟು ಮಾಡಿ ಮಾರುತ್ತಾರೆ. ನನ್ನ ಪ್ರಕಾರ ಸುದ್ದಿಯಲ್ಲಿ ಬರುವ 15 ಲಕ್ಷಕ್ಕಿಂತ ಈ 40,000 ರೂಪಾಯಿ ನಮ್ಮ ಹಳ್ಳಿಗಳಲ್ಲಿ ಹೆಚ್ಚು ಕೆಲಸ ಮಾಡಿದೆ. ಇದರ ಬಗ್ಗೆ ಗೊತ್ತಿರುವವರೇ ಕಡಿಮೆ, ಅದು ನನಗೆ ಬೇಸರ.

ಮಾರಾಟಕ್ಕೆ ಸಂತೆಯೇ ನನಗೆ ಆಧಾರ. 2023 ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವಾದಾಗ ಮೇಳಗಳು ಹೆಚ್ಚಾದವು, ಮೇಳದಲ್ಲಿ ಒಂದೆರಡು ದಿನ ಚೆನ್ನಾಗಿ ಹೋಗುತ್ತದೆ. ಆದರೆ ಅಲ್ಲಿ ಕೊಂಡವರು ತಿಂಗಳ ಮೇಲೆ ಎಲ್ಲಿ ಸಿಗುತ್ತಾರೆ? ಸಂತೆಯಲ್ಲಿ ಅದೇ ಮುಖ ಮರುವಾರ ಬರುತ್ತದೆ, ಅನ್ನ ಮುದ್ದೆಯಾಯಿತು ಅಂತ ದೂರುತ್ತದೆ, ನೆನೆಸಿ ನೀರು ಕಡಿಮೆ ಹಾಕಿ ಅಂತ ನಾನು ಹೇಳಿಕೊಡುತ್ತೇನೆ, ಮತ್ತೆ ಒಂದು ಕೆಜಿ ಹೋಗುತ್ತದೆ. ಬ್ರ್ಯಾಂಡಿಂಗ್‌ಗೆ 50% ನೆರವು ಇದೆ, ಆದರೆ ಅದು ಸಂಘ, ರೈತ ಉತ್ಪಾದಕ ಕಂಪನಿ, ಸಹಕಾರ ಸಂಘಗಳಿಗೆ, ನನ್ನಂಥ ಒಂಟಿ ಘಟಕಕ್ಕಲ್ಲ. ಒಂದೇ ಹೆಸರಿನಲ್ಲಿ ಹಲವು ಘಟಕಗಳ ಮಾಲು ಹೋಗಬೇಕಾದರೆ ಎಲ್ಲರ ಅಕ್ಕಿಯೂ ಒಂದೇ ಗುಣಮಟ್ಟಕ್ಕೆ ಬರಬೇಕು. ಆ ಮಾತುಕತೆ ಈಗ ನಮ್ಮ ಹೋಬಳಿಯ ಉತ್ಪಾದಕ ಕಂಪನಿಯಲ್ಲಿ ನಡೆದಿದೆ.

ಈಗ ನನ್ನ ಚಿಂತೆ ಕಾಳಿನದು. ಮಷಿನ್ ವರ್ಷಪೂರ್ತಿ ಓಡುವಷ್ಟು ಸಾವೆ ಸುತ್ತಲ ಹೊಲಗಳಲ್ಲಿ ಇನ್ನೂ ಇಲ್ಲ. ಸಿರಿಧಾನ್ಯ ಬಿತ್ತುವವರಿಗೆ ರಾಜ್ಯದ ರೈತ ಸಿರಿ ಯೋಜನೆಯಲ್ಲಿ ಹೆಕ್ಟೇರಿಗೆ 10,000 ರೂಪಾಯಿ ಪ್ರೋತ್ಸಾಹಧನವಿದೆ. ಚೀಲ ಹೊತ್ತು ಬಂದ ಪ್ರತಿಯೊಬ್ಬರಿಗೂ ಬಿತ್ತನೆಗೆ ಮೊದಲೇ ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ ವಿಚಾರಿಸಲು, ರೈತರ ನೋಂದಣಿ ಸಂಖ್ಯೆಯಾದ ಫ್ರೂಟ್ಸ್ ಐಡಿ ಸರಿಯಿದೆಯೇ ನೋಡಲು, ಬೆಳೆ ಸಮೀಕ್ಷೆಯಲ್ಲಿ ಮೆಕ್ಕೆಜೋಳ ಅಂತ ಬರೆದುಹೋಗದೆ ಸಾವೆ ಎಂದೇ ದಾಖಲಾಗುವಂತೆ ನೋಡಿಕೊಳ್ಳಲು ಹೇಳಿ ಕಳಿಸುತ್ತೇನೆ.