ಅಮೆರಿಕದ ರೆಸಿಡೆನ್ಸಿ ಇಂಟರ್‌ವ್ಯೂ: ನಮ್ಮ ಎಂಬಿಬಿಎಸ್ ಡಾಕ್ಟ್ರುಗಳ ತಯಾರಿ ಹೇಗಿರ್ಬೇಕು?

ಅಮೆರಿಕದಲ್ಲಿ ರೆಸಿಡೆನ್ಸಿ, ಅಂದ್ರೆ ಆಸ್ಪತ್ರೆಲಿ ಕೆಲಸ ಮಾಡ್ತಾ ಪಡೆಯೋ ತಜ್ಞ ತರಬೇತಿ, ಬೇಕು ಅಂತ ಹೊರಟಿದ್ದೀರಿ. ಅಲ್ಲಿನ ಲೈಸೆನ್ಸ್ ಪರೀಕ್ಷೆಯ ಸ್ಟೆಪ್ 1 ಪಾಸಾಯ್ತು, ಸ್ಟೆಪ್ 2 ಸ್ಕೋರ್ ಬಂತು, ಓಇಟಿ ಅನ್ನೋ ಇಂಗ್ಲಿಷ್ ಪರೀಕ್ಷೆ ಮುಗೀತು, ಸೆಪ್ಟೆಂಬರಲ್ಲಿ ಇರಾಸ್ ಅನ್ನೋ ಆನ್‌ಲೈನ್ ವ್ಯವಸ್ಥೆಲಿ ಅಪ್ಲಿಕೇಶನ್ನೂ ಹೋಯ್ತು. ಈಗ ಇಂಟರ್‌ವ್ಯೂಗೆ ಕರೆ ಬಂದಿದೆ ಅಂದ್ರೆ ನಿಮ್ಮ ಸ್ಕೋರ್ ಆ ಆಸ್ಪತ್ರೆಯವರಿಗೆ ಸಾಕಾಗಿದೆ ಅಂತಾನೇ ಅರ್ಥ. ಇನ್ನು ಅವರು ನೋಡೋದು ಇಷ್ಟೇ, ಮೂರು ವರ್ಷ ಈ ಡಾಕ್ಟರ್ ಜೊತೆ ನೈಟ್ ಡ್ಯೂಟಿ ಮಾಡೋಕಾಗತ್ತಾ, ಗೊತ್ತಿಲ್ದೇ ಇದ್ದಾಗ ಸುಮ್ನೆ ಇರ್ತಾರಾ ಇಲ್ಲ ಸೀನಿಯರ್‌ನ ಎಬ್ಬಿಸಿ ಕೇಳ್ತಾರಾ ಅನ್ನೋದು.

ಮೊದಲ್ನೇ ಕೆಲ್ಸ, ನಿಮ್ಮದೇ ಅಪ್ಲಿಕೇಶನ್ ಪ್ರಿಂಟ್ ತೆಗ್ದು ಕೂತು ಓದಿ. ಇರಾಸಲ್ಲಿ 10 ಅನುಭವದವರೆಗೂ ಹಾಕಬಹುದು, ಅದ್ರಲ್ಲಿ 3 ಮುಖ್ಯ ಅಂತ ನೀವೇ ಗುರುತು ಮಾಡಿರ್ತೀರಿ, ಪ್ರಶ್ನೆ ಜಾಸ್ತಿ ಬರೋದು ಅಲ್ಲಿಂದಾನೇ. ಯಾವ್ದೋ ಪೇಪರಲ್ಲಿ ನಾಲ್ಕನೇ ಹೆಸರು ನಿಮ್ದಿದ್ರೂ ಅದ್ರ ಮೆಥಡ್ ಏನು, ರಿಸಲ್ಟ್ ಏನು ಅಂತ ಎರಡು ನಿಮಿಷ ಮಾತಾಡೋಕೆ ಬರ್ಬೇಕು. ಬರಲ್ಲ ಅಂದ್ರೆ ಇವತ್ತೇ ತೆಗ್ದು ಓದಿ.

ಎರಡನೇದು ಕೇಸುಗಳು, ನನ್ನ ಪ್ರಕಾರ ಅರ್ಧ ಟೈಮ್ ಇದಕ್ಕೇ ಕೊಡಬೇಕು. "ಮರೆಯೋಕಾಗದ ಪೇಶೆಂಟ್ ಬಗ್ಗೆ ಹೇಳಿ", "ಟೀಮಲ್ಲಿ ಜಗಳ ಆದಾಗ ಏನು ಮಾಡಿದ್ರಿ", "ನಿಮ್ಮಿಂದ ತಪ್ಪಾಗಿದ್ದು ಯಾವಾಗ", ಹೀಗೆ ಕೇಳ್ತಾರೆ. ಪ್ರತಿ ಪ್ರಶ್ನೆಗೂ ಒಂದೊಂದು ಉತ್ತರ ಬರೆದು ಬಾಯಿಪಾಠ ಮಾಡೋದು ಬೇಡ, ಐದಾರು ನಿಜವಾದ ಘಟನೆ ಚೆನ್ನಾಗಿ ನೆನಪು ಮಾಡ್ಕೊಂಡ್ರೆ ಯಾವ ಪ್ರಶ್ನೆ ಬಂದ್ರೂ ಅದ್ರಲ್ಲೊಂದು ಹೊಂದತ್ತೆ. ಕರ್ನಾಟಕದಲ್ಲಿ ಓದಿದವ್ರಿಗೆ ಕೇಸಿಗೇನು ಬರ ಹೇಳಿ! ಗ್ರಾಮೀಣ ಸೇವೆಲಿ ಪಿಎಚ್‌ಸಿಗೆ ಹೋದವರು ಕ್ರಿಮಿನಾಶಕ ಕುಡಿದು ಬಂದವರನ್ನ, ಹಾವು ಕಚ್ಚಿದವರನ್ನ ನೋಡಿರ್ತಾರೆ, ಶಿವಮೊಗ್ಗ ಕಡೆ ಇದ್ದವರು ಮಂಗನ ಕಾಯಿಲೆನೂ ನೋಡಿರಬಹುದು. ಆದ್ರೆ ಬರೀ ಅಪರೂಪದ ರೋಗ ಅಂತ ವರ್ಣನೆ ಮಾಡ್ತಾ ಕೂತ್ರೆ ಪ್ರಯೋಜನ ಇಲ್ಲ. ಕ್ರಿಮಿನಾಶಕದ ವಿಷಕ್ಕೆ ಕೊಡೋ ಅಟ್ರೋಪಿನ್ ಸ್ಟಾಕಲ್ಲಿ ಎಷ್ಟಿತ್ತು, 108 ಬರೋವರೆಗೆ ಏನು ಮಾಡಿದ್ರಿ, ಮನೆಯವ್ರಿಗೆ ಏನು ಹೇಳಿದ್ರಿ, ಈಗಾಗಿದ್ರೆ ಏನು ಬೇರೆ ಥರ ಮಾಡ್ತಿದ್ರಿ, ಅದನ್ನ ಹೇಳಿ. ಪಿಎಚ್‌ಸಿ ಅಂದ್ರೇನು ಅಂತ ಅವ್ರಿಗೆ ಗೊತ್ತಿರಲ್ಲ, ಒಂದೇ ವಾಕ್ಯದಲ್ಲಿ ವಿವರಿಸಿ ಮುಂದೆ ಹೋಗಿ. ಇನ್ನೊಂದು, ನಮಗೆಲ್ಲ "ನಮ್ಮ ಯುನಿಟಲ್ಲಿ ನಾವು ಮಾಡಿದ್ವಿ" ಅನ್ನೋ ಅಭ್ಯಾಸ, ನಾನು ಅಂದ್ರೆ ಜಂಬ ಅನ್ಸತ್ತೆ. ಅಲ್ಲಿ ನೀವು ಏನು ಮಾಡಿದ್ರಿ ಅಂತಾನೇ ಕೇಳೋದು, ಸಂಕೋಚ ಬೇಡ.

ಪಾಸಾಗಿ ಎರಡು ಮೂರು ವರ್ಷ ಗ್ಯಾಪ್ ಇದ್ರೆ, ಪರೀಕ್ಷೆಲಿ ಒಂದು ಅಟೆಂಪ್ಟ್ ಹೋಗಿದ್ರೆ, ಅದನ್ನ ಕೇಳೇ ಕೇಳ್ತಾರೆ. ಕಾರಣ ಒಂದು ಸಾಲು, ಆಮೇಲೆ ಏನು ಮಾಡಿದ್ರಿ ಅಂತ ಎರಡು ಸಾಲು, ಮುಗೀತು. ಉದ್ದ ಮಾಡಿದಷ್ಟೂ ಅನುಮಾನ ಜಾಸ್ತಿ.

ವೀಸಾ ವಿಷಯ ಇಂಟರ್‌ವ್ಯೂಗೆ ಮುಂಚೆನೇ ಪ್ರೋಗ್ರಾಂ (ತರಬೇತಿ ಕೊಡೋ ಆಸ್ಪತ್ರೆ) ವೆಬ್‌ಸೈಟಲ್ಲಿ ನೋಡ್ಕೊಳ್ಳಿ, ಅಲ್ಲಿಲ್ಲ ಅಂದ್ರೆ ಕೋಆರ್ಡಿನೇಟರ್‌ಗೆ ಮೇಲ್ ಹಾಕಿ, ಡೈರೆಕ್ಟರ್ ಎದುರು ಮೊದಲ ಪ್ರಶ್ನೆನೇ ಇದಾಗ್ಬಾರ್ದು. ಜೆ-1 ವೀಸಾ ಆದ್ರೆ ತರಬೇತಿ ಮುಗಿದ ಮೇಲೆ ಎರಡು ವರ್ಷ ಊರಿಗೆ ವಾಪಸ್ ಬರ್ಬೇಕು, ಇಲ್ಲ ವೇವರ್ (ಅದರಿಂದ ವಿನಾಯ್ತಿ) ತಗೋಬೇಕು, ಅದನ್ನ ಕೊಡೋ ಕಾನ್ರಾಡ್ ಸ್ಕೀಮಲ್ಲಿ ಒಂದೊಂದು ರಾಜ್ಯಕ್ಕೆ ವರ್ಷಕ್ಕೆ 30 ಮಾತ್ರ. ಎಚ್-1ಬಿ ವೀಸಾ ಬೇಕಂದ್ರೆ ಅದೇ ಲೈಸೆನ್ಸ್ ಪರೀಕ್ಷೆಯ ಸ್ಟೆಪ್ 3 ಮುಗಿದಿರಬೇಕು.

2020ರಿಂದ ಬಹುಪಾಲು ಇಂಟರ್‌ವ್ಯೂ ವಿಡಿಯೋದಲ್ಲೇ ನಡೀತಿದೆ, ಹಾಗಾಗಿ ಗಡಿಯಾರದ ಲೆಕ್ಕ ಸರಿಯಾಗಿರಲಿ. ಅಕ್ಟೋಬರಲ್ಲಿ ನ್ಯೂಯಾರ್ಕಿನ ಬೆಳಿಗ್ಗೆ 8 ಗಂಟೆ ನಮಗೆ ಸಂಜೆ 5.30. ನವೆಂಬರ್ ಮೊದಲ ಭಾನುವಾರ ಅವರು ಗಡಿಯಾರ ಹಿಂದಕ್ಕೆ ತಿರುಗಿಸ್ತಾರೆ, ಅಲ್ಲಿಂದ ಅದೇ 8 ಗಂಟೆ ಇಲ್ಲಿ 6.30. ಶಿಕಾಗೊ ಆದ್ರೆ ಆಗ ರಾತ್ರಿ 7.30, ಕ್ಯಾಲಿಫೋರ್ನಿಯಾ 9.30. ಮೂರ್ನಾಲ್ಕು ಗಂಟೆ ಕೂರೋದಿರತ್ತೆ, ಮೊದಲೇ ಊಟ ಮಾಡ್ಕೊಂಡು ಕೂತ್ಕೊಳ್ಳಿ. ಕರೆಂಟ್ ನಂಬ್ಬೇಡಿ, ರೂಟರ್‌ಗೂ ಯುಪಿಎಸ್ ಇರಲಿ, ಫೋನಲ್ಲಿ ಹಾಟ್‌ಸ್ಪಾಟ್ ರೆಡಿ ಇರಲಿ, ಮನೆಯವ್ರಿಗೆ ಹೇಳಿ ಕುಕ್ಕರ್ ಸ್ವಲ್ಪ ಹೊತ್ತು ಬಂದ್ ಮಾಡ್ಸಿ!

ಮಾಕ್ (ಅಭ್ಯಾಸದ) ಇಂಟರ್‌ವ್ಯೂನ ಕ್ಲೋಸ್ ಫ್ರೆಂಡ್ ಜೊತೆ ಮಾಡಿದ್ರೆ ನಗುನೇ ಜಾಸ್ತಿ. ಆಗ್ಲೇ ಅಲ್ಲಿ ರೆಸಿಡೆಂಟ್ ಆಗಿರೋ ಕಾಲೇಜ್ ಸೀನಿಯರ್ ಯಾರಾದ್ರೂ ಇದ್ರೆ ಅರ್ಧ ಗಂಟೆ ಕೇಳ್ಕೊಳ್ಳಿ, ಫೋನಲ್ಲಿ ರೆಕಾರ್ಡ್ ಮಾಡಿ ನೋಡ್ಕೊಳ್ಳಿ. ಎಷ್ಟು ಸ್ಪೀಡಾಗಿ ಮಾತಾಡ್ತೀವಿ ಅಂತ ಆವಾಗ್ಲೇ ಗೊತ್ತಾಗೋದು. ಸಾವಿರಾರು ರೂಪಾಯಿ ಕೋಚಿಂಗ್ ಪ್ಯಾಕೇಜ್ ಅಷ್ಟೇನೂ ಬೇಕಿಲ್ಲ ಅಂತ ನನ್ನ ಅಭಿಪ್ರಾಯ.

ಕೊನೇಲಿ "ನಿಮ್ದೇನಾದ್ರೂ ಪ್ರಶ್ನೆ ಇದೆಯಾ" ಅಂತಾರೆ, ಇಲ್ಲ ಅನ್ನಬೇಡಿ. ಹೊರದೇಶದಲ್ಲಿ ಓದಿ ಬಂದ ಇಂಟರ್ನ್‌ಗಳಿಗೆ ಮೊದಲ ತಿಂಗಳು ಹೇಗೆ ಸಪೋರ್ಟ್ ಮಾಡ್ತೀರಿ ಅಂತ ಕೇಳಿ. ಬೇರೆ ಎಲ್ಲೆಲ್ಲಿ ಇಂಟರ್‌ವ್ಯೂ ಇದೆ, ನಮ್ಮನ್ನ ಎಷ್ಟನೇ ರ‍್ಯಾಂಕಲ್ಲಿ ಹಾಕ್ತೀರಿ ಅಂತ ಅವರು ಕೇಳೋ ಹಾಗಿಲ್ಲ, ಮ್ಯಾಚ್ (ಅಭ್ಯರ್ಥಿ, ಪ್ರೋಗ್ರಾಂ ಇಬ್ಬರ ಇಷ್ಟದ ಪಟ್ಟಿ ಹೊಂದಿಸಿ ಸೀಟ್ ಹಂಚೋ ಪದ್ಧತಿ) ನಿಯಮದಲ್ಲೇ ಇದೆ. ಕೇಳಿದ್ರೆ ನಗುತ್ತಾ ಮಾತು ಪ್ರೋಗ್ರಾಂ ಕಡೆ ತಿರುಗಿಸಿ.

ಪ್ರತಿ ಇಂಟರ್‌ವ್ಯೂ ಮುಗಿದ ತಕ್ಷಣ ಅನಿಸಿದ್ದನ್ನ ನಾಲ್ಕು ಸಾಲು ಬರೆದಿಡಿ, ರ‍್ಯಾಂಕ್ ಲಿಸ್ಟ್ ಹಾಕೋ ಹೊತ್ತಿಗೆ ಎಲ್ಲಾ ಪ್ರೋಗ್ರಾಮೂ ಒಂದೇ ಥರ ಕಾಣ್ಸತ್ತೆ. ಲಿಸ್ಟಲ್ಲಿ ಎಲ್ಲಿ ಸಿಗಬಹುದು ಅಂತ ಲೆಕ್ಕ ಹಾಕ್ಬೇಡಿ, ಎಲ್ಲಿಗೆ ಹೋಗೋಕೆ ಇಷ್ಟವೋ ಅದೇ ಕ್ರಮದಲ್ಲಿ ಹಾಕಿ, ಮ್ಯಾಚ್ ಲೆಕ್ಕಾಚಾರ ಅಭ್ಯರ್ಥಿಯ ಇಷ್ಟದಿಂದಾನೇ ಶುರುವಾಗೋದು. ಮಾರ್ಚ್ ಮೂರನೇ ಶುಕ್ರವಾರ ಮ್ಯಾಚ್ ಡೇ, ಆದ್ರೆ ಸೀಟ್ ಸಿಕ್ತೋ ಇಲ್ವೋ ಅನ್ನೋದು ಅದೇ ವಾರದ ಸೋಮವಾರಾನೇ ಗೊತ್ತಾಗತ್ತೆ. ಸಿಗ್ಲಿಲ್ಲ ಅಂದ್ರೆ ಉಳಿದ ಸೀಟಿಗೆ ಸೋಪ್ ಅನ್ನೋ ಇನ್ನೊಂದು ಸುತ್ತು ಅದೇ ವಾರ ನಡಿಯತ್ತೆ, ಅದಕ್ಕೆ ಆ ವಾರ ರಜೆ ಹಾಕಿ ಫೋನ್ ಕೈಯಲ್ಲೇ ಇಟ್ಕೊಳ್ಳಿ.