ಕಡಿಮೆ ಖರ್ಚಿನಲ್ಲಿ ಗೌರಿ-ಗಣೇಶ: ಬಾಗಿನವೂ ಹಬ್ಬದ ಅಡುಗೆಯೂ

ಗೌರಿ-ಗಣೇಶ ಹಬ್ಬದ ಖರ್ಚು ಕೈಮೀರುವುದು ಸಾಮಾನ್ಯವಾಗಿ ಅಡುಗೆಮನೆಯಲ್ಲಲ್ಲ, ಹಬ್ಬದ ಹಿಂದಿನ ಸಂಜೆ ಚೀಟಿ ಬರೆದುಕೊಳ್ಳದೆ ಮಾರುಕಟ್ಟೆಗೆ ಹೋದಾಗ. ವರಮಹಾಲಕ್ಷ್ಮಿ ವ್ರತಕ್ಕೂ ಗೌರಿ ಹಬ್ಬಕ್ಕೂ ಸುಮಾರು ಮೂರು ವಾರಗಳ ಅಂತರವಿರುವುದರಿಂದ, ವ್ರತಕ್ಕೆ ದಿನಸಿ ತರುವಾಗಲೇ ಬೇಳೆ, ಬೆಲ್ಲ, ಅರಿಶಿನ-ಕುಂಕುಮಗಳನ್ನು ಎರಡು ಹಬ್ಬಗಳಿಗೂ ಸೇರಿಸಿ ಸಗಟು ಅಂಗಡಿಯಲ್ಲಿ ಕೊಳ್ಳುವುದು ಲಾಭಕರ. ರವೆಯನ್ನು ಮಾತ್ರ ಮುಂಚಿತವಾಗಿ ತರಬಾರದು. ಮಳೆಗಾಲದಲ್ಲಿ ಅದಕ್ಕೆ ಬೇಗ ಹುಳು ಬೀಳುತ್ತದೆ. ಸೇವಂತಿಗೆಯನ್ನು ಎರಡು ದಿನ ಮೊದಲೇ ತಂದು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟರೆ ಬಾಡುವುದಿಲ್ಲ. ಮಲ್ಲಿಗೆಯನ್ನು ಅಂದಂದೇ, ಬೇಕಾದಷ್ಟೇ ಮೊಳ ಕೊಂಡರೆ ಸಾಕು.

ಬಾಗಿನದ ವಿಷಯದಲ್ಲಿ ಸ್ವಲ್ಪ ಯೋಚಿಸಬೇಕು. ಅಂಗಡಿಯಲ್ಲಿ ಸಿದ್ಧವಾಗಿ ಸಿಗುವ ಸೆಟ್ಟಿನಲ್ಲಿ ಪುಟ್ಟ ಕನ್ನಡಿ, ಬಾಚಣಿಗೆ, ಬಳೆ, ಕರಿಮಣಿಗಳ ಜೊತೆಗೆ ಒಂದೊಂದು ಹಿಡಿಯೂ ತುಂಬದ ಧಾನ್ಯದ ಪೊಟ್ಟಣಗಳಿರುತ್ತವೆ. ಅದರ ಬದಲು ಬಿದಿರಿನ ಮೊರಗಳನ್ನು ಜೋಡಿಯಾಗಿ ಕೊಂಡು, ಮನೆಯಲ್ಲೇ ಅರಿಶಿನ ಹಚ್ಚಿ ಒಣಗಿಸಿ, ಅಕ್ಕಿ, ತೊಗರಿಬೇಳೆ, ಹೆಸರುಬೇಳೆ, ಬೆಲ್ಲ, ತೆಂಗಿನಕಾಯಿಗಳನ್ನು ತಾವೇ ಅಳೆದು ತುಂಬಿದರೆ, ಅದೇ ಹಣದಲ್ಲಿ ಪಡೆದವರು ಒಂದು ಹೊತ್ತಿನ ಅಡುಗೆಯನ್ನಾದರೂ ಮಾಡಿಕೊಳ್ಳುವಷ್ಟು ಸಾಮಾನು ಕೊಡಬಹುದು. ರವಿಕೆ ಕಣದ ಕಥೆ ಎಲ್ಲರಿಗೂ ತಿಳಿದದ್ದೇ: ಯಾರೂ ಹೊಲಿಸದ, ಜಾರುವ ಬಟ್ಟೆಯ ತುಂಡು ಮನೆಯಿಂದ ಮನೆಗೆ ಸುತ್ತುತ್ತಲೇ ಇರುತ್ತದೆ. ಥಾನಿನಿಂದ ಹತ್ತಿ ಬಟ್ಟೆಯನ್ನು ಒಟ್ಟಿಗೆ ಕೊಂಡು ಒಂದೊಂದು ಮೀಟರಿನಂತೆ ಕತ್ತರಿಸಿಕೊಂಡರೆ ಹೊಲಿಸಿಕೊಳ್ಳಲು ಯೋಗ್ಯವಾದದ್ದನ್ನೇ ಕೊಟ್ಟಂತಾಗುತ್ತದೆ. ಐದು ಬಾಗಿನಗಳಿಗೆ ಅನುಕೂಲವಿಲ್ಲದಿದ್ದರೆ ಅತ್ತೆಗೋ ತಾಯಿಗೋ ಒಂದನ್ನು ಮೊರದಲ್ಲಿ ಕೊಟ್ಟು, ಉಳಿದ ಮುತ್ತೈದೆಯರಿಗೆ ಎಲೆ-ಅಡಿಕೆ, ಬಾಳೆಹಣ್ಣು, ಅರಿಶಿನ-ಕುಂಕುಮದ ತಾಂಬೂಲ ಕೊಡುವುದರಲ್ಲಿ ಯಾವ ಕೊರತೆಯೂ ಇಲ್ಲ. ಹೊಸ ಬಟ್ಟೆ ಮಕ್ಕಳಿಗೆ ಮಾತ್ರ ಸಾಕು. ಅದೂ ಶಾಲೆಯ ಹೊರಗೆ ದಿನವೂ ಹಾಕಿಕೊಳ್ಳುವಂಥದ್ದಾಗಿರಲಿ.

ಹಬ್ಬದ ಊಟಕ್ಕೆ ಒಬ್ಬಟ್ಟಿಗಿಂತ ಮಿತವ್ಯಯದ ಸಿಹಿ ಹುಡುಕುವುದು ಕಷ್ಟ, ಏಕೆಂದರೆ ಅದರೊಂದಿಗೆ ಸಾರೂ ಸಿದ್ಧವಾಗುತ್ತದೆ. ಕಾಲು ಕಿಲೋ ಕಡಲೆಬೇಳೆಯನ್ನು ಧಾರಾಳವಾಗಿ ನೀರಿಟ್ಟು, ಬೆರಳಲ್ಲಿ ಒತ್ತಿದರೆ ನುಗ್ಗಾಗುವಂತೆ, ಆದರೆ ಕರಗಿಹೋಗದಂತೆ ಬೇಯಿಸಿ, ಕಟ್ಟನ್ನು ಬಸಿದಿಟ್ಟುಕೊಳ್ಳಬೇಕು. ಬೇಳೆಗೆ ಅಷ್ಟೇ ತೂಕದ ಬೆಲ್ಲ ಹಾಕಿ, ನೀರಾರುವವರೆಗೆ ಕೆದಕಿ, ಏಲಕ್ಕಿ ಸೇರಿಸಿ ನುಣ್ಣಗೆ ರುಬ್ಬಿದರೆ ಹೂರಣವಾಯಿತು. ನಿಂಬೆಗಾತ್ರದ ಹೂರಣವನ್ನು ತೆಗೆದಿಟ್ಟು, ಕಾಯಿತುರಿ, ಸಾರಿನ ಪುಡಿಯೊಂದಿಗೆ ರುಬ್ಬಿ ಕಟ್ಟಿಗೆ ಹಾಕಿ, ಹುಣಸೆರಸ, ಉಪ್ಪು ಬೆರೆಸಿ ಕುದಿಸಿ, ಸಾಸಿವೆ, ಇಂಗು, ಕರಿಬೇವಿನ ಒಗ್ಗರಣೆ ಕೊಟ್ಟರೆ ಒಬ್ಬಟ್ಟಿನ ಸಾರು. ಇದು ಮರುದಿನ ಇನ್ನೂ ರುಚಿ. ಜೊತೆಗೆ ಹೆಸರುಬೇಳೆ-ಸೌತೆಕಾಯಿಯ ಕೋಸಂಬರಿ, ಚಿತ್ರಾನ್ನ, ಒಂದು ಪಲ್ಯವಿದ್ದರೆ ಎಲೆ ತುಂಬುತ್ತದೆ. ಪಲ್ಯಕ್ಕೆ ಆ ವಾರ ಅಗ್ಗವಾಗಿ ಸಿಗುವ ತರಕಾರಿಯನ್ನೇ ಆರಿಸಬಹುದು.

ಮೂರ್ತಿಯ ಖರ್ಚನ್ನೂ ತಗ್ಗಿಸಬಹುದು. ಅರಿಶಿನದಲ್ಲಿ ಗೌರಿಯನ್ನು ಮಾಡಿ ಪೂಜಿಸುವ ಪದ್ಧತಿ ನಮ್ಮಲ್ಲಿ ಹಿಂದಿನಿಂದಲೂ ಇದೆ. ಗಣೇಶನಿಗೆ ಬಣ್ಣವಿಲ್ಲದ ಚಿಕ್ಕ ಮಣ್ಣಿನ ಮೂರ್ತಿ ಸಾಕು, ಮನೆಯ ಬಕೆಟ್ಟಿನಲ್ಲೇ ವಿಸರ್ಜಿಸಬಹುದು. ಬಾಳೆಕಂದು, ಮಾವಿನೆಲೆಗಳನ್ನು ಅಕ್ಕಪಕ್ಕದ ಮನೆಯವರು ಸೇರಿ ತಂದು ಹಂಚಿಕೊಳ್ಳಲಿ. ಚೌತಿಯ ನೈವೇದ್ಯಕ್ಕೆ ಕರಿದ ಕಡುಬಿನ ಬದಲು ಅಕ್ಕಿಹಿಟ್ಟಿನ ಕಣಕಕ್ಕೆ ಕಾಯಿ-ಬೆಲ್ಲ ತುಂಬಿ ಇಡ್ಲಿ ಪಾತ್ರೆಯಲ್ಲಿ ಹಬೆಗಿಟ್ಟರೆ, ಬಾಣಲೆಗೆ ಸುರಿಯಬೇಕಾದ ಎಣ್ಣೆ ಪೂರ್ತಿ ಉಳಿಯುತ್ತದೆ.