ಪೂರಕ ಚಿಕಿತ್ಸೆ ಕಲಿಯಬೇಕೆ? ಮೊದಲು ನೀವೇ ಮಂಚದ ಮೇಲೆ ಮಲಗಿ

'ಪೂರಕ ಚಿಕಿತ್ಸೆ ಕಲಿತು ಅದನ್ನೇ ಉದ್ಯೋಗ ಮಾಡಿಕೊಳ್ಳಬೇಕು' ಎನ್ನುವವರನ್ನು 'ಯಾವುದು?' ಅಂತ ಕೇಳಿ ನೋಡಿ. ಹೆಚ್ಚಿನವರು ತಡವರಿಸುತ್ತಾರೆ. ಮಸಾಜ್, ಅಕ್ಯುಪಂಕ್ಚರ್ (ಸೂಜಿ ಚುಚ್ಚುವುದು), ಆಸ್ಟಿಯೋಪತಿ (ಮೂಳೆ, ಕೀಲು, ಸ್ನಾಯುಗಳಿಗೆ ಕೈಯಿಂದಲೇ ಚಿಕಿತ್ಸೆ), ರಿಫ್ಲೆಕ್ಸಾಲಜಿ (ಪಾದದ ಜಾಗಗಳನ್ನು ಒತ್ತುವುದು), ಅರೋಮಾಥೆರಪಿ (ಗಿಡಗಳ ಸುಗಂಧ ಎಣ್ಣೆ ಬಳಸುವುದು) ಎಲ್ಲಕ್ಕೂ ಹೆಸರು ಒಂದೇ. ಕೆಲಸ ಮಾತ್ರ ಬೇರೆ ಬೇರೆ. ಒಬ್ಬರಿಗೆ ಸೂಜಿ ಹಿಡಿಯುವ ಧೈರ್ಯ ಬೇಕು, ಇನ್ನೊಬ್ಬರಿಗೆ ದಿನವಿಡೀ ನಿಂತು ಬೆನ್ನು ತಿಕ್ಕುವ ತ್ರಾಣ ಬೇಕು.

'ಪೂರಕ' ಅನ್ನುವ ಪದವನ್ನೂ ಸರಿಯಾಗಿ ಓದಿಕೊಳ್ಳಿ. ವೈದ್ಯರ ಚಿಕಿತ್ಸೆಯ ಜೊತೆಗೆ ಕೊಡುವಂಥದ್ದು, ಅದರ ಬದಲಿಗೆ ಅಲ್ಲ. ಅಮೆರಿಕದಲ್ಲಿ ಬೇರೆ ಅಂಗಗಳಿಗೆ ಹರಡದ ಕ್ಯಾನ್ಸರ್ ಇದ್ದವರ ದಾಖಲೆಗಳನ್ನು ಹೋಲಿಸಿ ನೋಡಿದ್ದರು. 2018ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ, ಆಸ್ಪತ್ರೆಯ ಚಿಕಿತ್ಸೆ ಬಿಟ್ಟು ಬರೀ ಬದಲಿ ಚಿಕಿತ್ಸೆ ನಂಬಿದವರಲ್ಲಿ ಸಾವಿನ ಅಪಾಯ ಎರಡೂವರೆ ಪಟ್ಟು ಹೆಚ್ಚಿತ್ತು. ಈ ಕೆಲಸಕ್ಕೆ ಇಳಿಯುವವರು ಮರೆಯಬಾರದ ಲೆಕ್ಕ ಇದು.

1. ಗಿರಾಕಿಯಾಗಿ ಹೋಗಿ

ಫೀಸು ಕಟ್ಟುವ ಮುಂಚೆ ಐದಾರು ಜನರ ಹತ್ತಿರ ಚಿಕಿತ್ಸೆ ತೆಗೆದುಕೊಳ್ಳಿ. ಹಾಯಾಗಿತ್ತೋ ಇಲ್ಲವೋ ಅನ್ನುವುದು ಆಮೇಲೆ. ಮುಟ್ಟುವ ಮುಂಚೆ ಕೇಳಿದರಾ? ನೀವು ಯಾವ ಮಾತ್ರೆ ತೆಗೆದುಕೊಳ್ಳುತ್ತೀರಿ ಅಂತ ವಿಚಾರಿಸಿದರಾ? 'ಇದು ನನ್ನ ಕೈಲಾಗುವುದಿಲ್ಲ' ಅಂತ ಯಾರಾದರೂ ಹೇಳಿದರೆ ಅವರ ಹತ್ತಿರವೇ ಕಲಿಯಲು ಅವಕಾಶ ಇದೆಯಾ ಕೇಳಿ.

2. ಗಂಟೆ ಎಣಿಸಿ

ವೈದ್ಯರಲ್ಲದವರು ಅಕ್ಯುಪಂಕ್ಚರ್ ಪೂರ್ತಿ ಕಲಿಯಲು ಸುಮಾರು 2500 ಗಂಟೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 1999ರ ಮಾರ್ಗಸೂಚಿಯಲ್ಲಿ ಹೇಳಿದೆ. ಆಸ್ಟಿಯೋಪತಿಯನ್ನು ಮೊದಲಿನಿಂದ ಕಲಿಯುವವರಿಗೆ ಅದೇ ಸಂಸ್ಥೆ 2010ರಲ್ಲಿ ಹಾಕಿದ ಲೆಕ್ಕ 4200 ಗಂಟೆ. ಅದರಲ್ಲಿ ಕನಿಷ್ಠ 1000 ಗಂಟೆ ಅನುಭವಿಗಳ ಕಣ್ಣೆದುರು ರೋಗಿಗಳನ್ನು ನೋಡಬೇಕು. ಇದನ್ನು ಎರಡು ದಿನದ ವೀಡಿಯೊ ಕೋರ್ಸಿನ ಪಕ್ಕ ಇಟ್ಟು ನೋಡಿ. ಮಸಾಜು, ರಿಫ್ಲೆಕ್ಸಾಲಜಿಗೆ ಇಷ್ಟೊಂದು ಬೇಡ. ಆದರೂ ಶಾಲೆಯವರನ್ನು ಕೇಳಬೇಕಾದ ಪ್ರಶ್ನೆ ಒಂದೇ: ಗುರುಗಳ ಎದುರು ಎಷ್ಟು ಜನರ ಮೈ ಮುಟ್ಟಿಸುತ್ತೀರಿ?

ಕಾನೂನು ಊರೂರಿಗೆ ಬೇರೆ. ಬ್ರಿಟನ್ನಿನಲ್ಲಿ ನೋಂದಣಿ ಇಲ್ಲದೆ ಆಸ್ಟಿಯೋಪಾತ್ ಅಂತ ಬೋರ್ಡು ಹಾಕಿಕೊಂಡರೆ ಅಪರಾಧ. ಅರೋಮಾಥೆರಪಿಸ್ಟ್ ಅಂತ ಹಾಕಿಕೊಂಡರೆ ಕೇಳುವವರಿಲ್ಲ. ನೀವಿರುವ ಕಡೆ ಏನು ನಿಯಮ ಅಂತ ಮೊದಲೇ ತಿಳಿದುಕೊಳ್ಳಿ.

ಪುರಾವೆಯನ್ನೂ ಓದಿ. ಮೈಗ್ರೇನ್ ಪದೇ ಪದೇ ಬರುವುದನ್ನು ಅಕ್ಯುಪಂಕ್ಚರ್ ಕಡಿಮೆ ಮಾಡಬಹುದು ಅಂತ, ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ 2016ರ ಪರಿಶೀಲನೆ ಹೇಳುತ್ತದೆ. ಅಂಗಾಲಿನ ಇಂಥ ಜಾಗ ಒತ್ತಿದರೆ ಲಿವರ್ ಸರಿಹೋಗುತ್ತದೆ ಅನ್ನುವುದಕ್ಕೆ ಅಂಥ ಆಧಾರ ಇಲ್ಲ. ಪಾದ ಒತ್ತಿಸಿಕೊಂಡರೆ ಹಿತ ಅನ್ನುವುದು ನಿಜ, ಅಷ್ಟನ್ನೇ ಹೇಳಿದರೆ ಸಾಕಲ್ವಾ?

3. 'ಬೇಡ' ಅನ್ನುವುದನ್ನು ಕಲಿಯಿರಿ

ನನ್ನ ಪ್ರಕಾರ ಅರ್ಧ ವಿದ್ಯೆ ಇಲ್ಲೇ ಇದೆ. ಒಬ್ಬರು ಬಂದು 'ಮೀನಖಂಡ ಹಿಡಿದುಕೊಂಡಿದೆ, ಸ್ವಲ್ಪ ತಿಕ್ಕಿ ಬಿಡಿ' ಅನ್ನುತ್ತಾರೆ. ನೋಡಿದರೆ ಒಂದೇ ಕಾಲು ಊದಿದೆ, ಕೆಂಪಗಿದೆ, ಮುಟ್ಟಿದರೆ ಬಿಸಿ. ಮೊನ್ನೆ ತಾನೇ ದೂರದ ಪ್ರಯಾಣ ಮಾಡಿ ಬಂದವರು. ಅಲ್ಲಿ ಎಣ್ಣೆ ಬಾಟಲಿ ಕೆಳಗಿಡಬೇಕು. ಒಳಗಿನ ರಕ್ತನಾಳದಲ್ಲಿ ಹೆಪ್ಪು ಇದ್ದರೆ, ತಿಕ್ಕಿದಾಗ ಅದು ಜಾರಿ ಶ್ವಾಸಕೋಶಕ್ಕೆ ಹೋಗಬಹುದು. ಅವರನ್ನು ಕೂಡಲೇ ಆಸ್ಪತ್ರೆಗೆ ಕಳಿಸಿ, ದುಡ್ಡು ತೆಗೆದುಕೊಳ್ಳಬೇಡಿ.

ಮೊದಲ ಭೇಟಿಯ ಫಾರ್ಮಿನಲ್ಲಿ ಮಾತ್ರೆ, ಗರ್ಭ, ಆಪರೇಷನ್, ಅಲರ್ಜಿ ಎಲ್ಲಕ್ಕೂ ಜಾಗ ಇರಲಿ. 'ಗಿಡದ್ದು ತಾನೇ, ಏನೂ ಆಗಲ್ಲ' ಅನ್ನುವ ಮಾತು ಸುಳ್ಳು. ಮನಸ್ಸು ಕುಗ್ಗಿದವರು ತೆಗೆದುಕೊಳ್ಳುವ ಸೇಂಟ್ ಜಾನ್ಸ್ ವರ್ಟ್ ಎಂಬ ಮೂಲಿಕೆ, ಗರ್ಭನಿರೋಧಕ ಮಾತ್ರೆಯ ಕೆಲಸವನ್ನೇ ಕೆಡಿಸಬಹುದು. ಎಸೆನ್ಶಿಯಲ್ ಆಯಿಲನ್ನು (ಅರೋಮಾಥೆರಪಿಯ ಗಾಢ ಸುಗಂಧ ಎಣ್ಣೆ) ಹಾಗೇ ಮೈಗೆ ಹಚ್ಚುವಂತಿಲ್ಲ. ಎರಡು ಪರ್ಸೆಂಟ್ ಬೇಕಾದರೆ 10 ಮಿಲಿ ಸಾದಾ ಎಣ್ಣೆಗೆ ಸುಮಾರು ನಾಲ್ಕು ಹನಿ. ನಿಂಬೆ ಜಾತಿಯ ಬರ್ಗಮಾಟ್ ಹಣ್ಣಿನ ಎಣ್ಣೆ ಹಚ್ಚಿಕೊಂಡು ಬಿಸಿಲಿಗೆ ಹೋದರೆ ಚರ್ಮ ಸುಟ್ಟಂತಾಗಬಹುದು.

4. ಹೆಬ್ಬೆರಳು ಉಳಿಸಿಕೊಳ್ಳಿ

ಮಸಾಜಿನವರಿಗೆ ಮೊದಲು ಕೈಕೊಡುವುದು ಹೆಬ್ಬೆರಳು. ತೋಳಿನ ಬಲ ಸಾಲದು, ಮೈಭಾರ ಹಾಕಿ ಒತ್ತಬೇಕು. ಮೊಣಕೈ, ಮುಂಗೈ ಬಳಸುವುದನ್ನು ಶುರುವಿನಲ್ಲೇ ಹೇಳಿಸಿಕೊಳ್ಳಿ. ಮಂಚದ ಎತ್ತರ ತಪ್ಪಿದರೆ ಗಿರಾಕಿಯ ಬೆನ್ನುನೋವು ನಿಮಗೆ ಬರುತ್ತದೆ.

5. ಬಾಗಿಲು ತೆಗೆಯಿರಿ, ಸಂಬಳ ಬಿಡಬೇಡಿ

ಶುರುವಿನಲ್ಲಿ ಗಿರಾಕಿಗಳು ಕಡಿಮೆ. ಇರುವ ಕೆಲಸ ಇಟ್ಟುಕೊಂಡು ಸಂಜೆ, ಶನಿವಾರ ಮಾಡಿ. ವಿಮೆ ಮಾಡಿಸಿ. ಜಾಹೀರಾತಿನಲ್ಲಿ 'ಗುಣವಾಗುತ್ತದೆ' ಅಂತ ಸುಮ್ನೆ ಬರೆಯಬೇಡಿ.

ಇಬ್ಬರ ನಡುವೆ ಕಾಲು ಗಂಟೆ ಬಿಡುವಿರಲಿ. ಬಟ್ಟೆ ಬದಲಿಸಬೇಕು, ಕೈ ತೊಳೆಯಬೇಕು, ಪುಸ್ತಕದಲ್ಲಿ ನಾಲ್ಕು ಸಾಲು ಬರೆಯಬೇಕು: ಎಲ್ಲಿ ನೋವಿತ್ತು, ಏನು ಮಾಡಿದಿರಿ, ಏನು ಮಾಡಲಿಲ್ಲ. ಮುಂದಿನ ವಾರ ಅವರು ಬಂದಾಗ 'ಬಲ ಭುಜವೋ ಎಡ ಭುಜವೋ?' ಅಂತ ಕೇಳುವ ಪಾಡು ಬೇಡ.